ಕುದುರೆ ಕಣ್ಣಿಗೆ ಬೀಳುವ ತನಕ

ಮೂರು ವರ್ಷದ ಹಿಂದೆ ಸೋತ ಒಂದು ಚೆಸ್ ಆಟ ಇನ್ನೂ ನೆನಪಿದೆ. ಎದುರಾಳಿಯ ಕುದುರೆ ಒಂದೇ ಜಿಗಿತಕ್ಕೆ ನನ್ನ ರಾಜನಿಗೆ ಚೆಕ್ ಕೊಟ್ಟು, ಜೊತೆಗೆ ಆನೆಯ ಮೇಲೂ ಕಣ್ಣಿಟ್ಟಿತು. ಅದಕ್ಕೂ ಮುಂಚಿನ ನಡೆಗೆ ನಾನು ಆರು ನಿಮಿಷ ಯೋಚಿಸಿದ್ದೆ. ಆರು ನಿಮಿಷ! ಕುದುರೆ ಕಣ್ಣೆದುರೇ ಇತ್ತು, ಅದು ಹೇಗೆ ನಡೆಯುತ್ತದೆ ಅನ್ನೋದು ಚಿಕ್ಕಂದಿನಿಂದ ಗೊತ್ತು, ಆದರೂ ಕಾಣಲಿಲ್ಲ.

ಇಂಥ ಹೊತ್ತಲ್ಲಿ "ಇನ್ನೂ ಸ್ವಲ್ಪ ಯೋಚಿಸಬೇಕಿತ್ತು" ಅಂತ ಎಲ್ಲರೂ ಹೇಳುತ್ತಾರೆ. ಕಣ್ಣಿಗೇ ಬೀಳದ ನಡೆಯ ಬಗ್ಗೆ ಅರ್ಧ ಗಂಟೆ ಕೂತರೂ ಯೋಚಿಸೋಕೆ ಆಗಲ್ಲ, ಅಲ್ವಾ?

ಆಡ್ರಿಯಾನ್ ಡಿ ಗ್ರೂಟ್ ಎಂಬ ಡಚ್ ಮನಃಶಾಸ್ತ್ರಜ್ಞರು ಇದರ ಬೆನ್ನು ಹತ್ತಿದ್ದರು. ಅವರೇ ಒಳ್ಳೆಯ ಆಟಗಾರ, 1937 ಮತ್ತು 1939ರ ಚೆಸ್ ಒಲಿಂಪಿಯಾಡ್‌ಗಳಲ್ಲಿ ನೆದರ್ಲೆಂಡ್ಸ್ ಪರ ಆಡಿದವರು. ಅಲೆಖಿನ್, ಯೂವೆ, ಕೆರೆಸ್‌ರಂಥ ಘಟಾನುಘಟಿಗಳ ಮುಂದೆ ಒಂದು ಆಟದ ಸ್ಥಿತಿ ಇಟ್ಟು, ತಲೆಯಲ್ಲಿ ಓಡೋದನ್ನೆಲ್ಲ ಬಾಯಿಬಿಟ್ಟು ಹೇಳಿ ಅಂದರು. ಅವರಿಗಿಂತ ಕೆಳಗಿನ ಮಟ್ಟದ ಆಟಗಾರರಿಗೂ ಅದೇ ಪರೀಕ್ಷೆ. ದೊಡ್ಡ ಆಟಗಾರರು ಬಹಳ ಮುಂದಿನ ತನಕ ಲೆಕ್ಕ ಹಾಕುತ್ತಾರೆ ಅಂತ ನಾವು ಅಂದುಕೊಂಡಿರುತ್ತೇವಲ್ಲ, ಅಂಥ ದೊಡ್ಡ ವ್ಯತ್ಯಾಸ ಅಲ್ಲಿ ಸಿಗಲೇ ಇಲ್ಲ. ಎಷ್ಟು ನಡೆ ಪರಿಶೀಲಿಸಿದರು, ಎಷ್ಟು ಆಳಕ್ಕೆ ಹೋದರು ಅನ್ನೋದರಲ್ಲಿ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ಆದರೆ ಒಳ್ಳೆ ನಡೆ ಗ್ರ್ಯಾಂಡ್‌ಮಾಸ್ಟರ್ ತಲೆಗೆ ಶುರುವಿನಲ್ಲೇ ಬರುತ್ತಿತ್ತು, ಉಳಿದವರು ಎಷ್ಟೋ ಸಲ ಅದರ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಇದೆಲ್ಲ ಪ್ರಕಟವಾಗಿದ್ದು 1946ರಲ್ಲಿ.

1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬ ಸಂಶೋಧಕರು ಇದನ್ನೇ ಬೇರೆ ಥರ ಕೆದಕಿದರು. ನಿಜವಾದ ಆಟದ ನಡುವಿನ ಒಂದು ಸ್ಥಿತಿಯನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿಬಿಡೋದು, ಆಮೇಲೆ ಖಾಲಿ ಮಣೆಯಲ್ಲಿ ಅದನ್ನೇ ಜೋಡಿಸಿ ಅನ್ನೋದು. ಮಾಸ್ಟರ್ ಸುಮಾರು 16 ಕಾಯಿಗಳನ್ನು ಸರಿಯಾದ ಮನೆಯಲ್ಲಿಟ್ಟರು, ಹೊಸಬರು ಸುಮಾರು 4. ಮಾಸ್ಟರ್ ನೆನಪಿನ ಶಕ್ತಿ ಜೋರು ಅನ್ನಿಸುತ್ತದೆ. ಅದೇ ಕಾಯಿಗಳನ್ನು ಮಣೆ ಮೇಲೆ ಸುಮ್ನೆ ಮನಸ್ಸಿಗೆ ಬಂದಂತೆ ಚೆಲ್ಲಿ ತೋರಿಸಿದಾಗ ಆ ಜೋರೆಲ್ಲ ಇಳಿದುಹೋಯಿತು, ಇಬ್ಬರೂ ಒಂದೇ ಮಟ್ಟಕ್ಕೆ ಬಂದರು. (ಹಾಗೆ ಚೆಲ್ಲಿದಾಗಲೂ ಮಾಸ್ಟರ್‌ಗಳು ಒಂದು ಕೂದಲೆಳೆ ಮುಂದಿರುತ್ತಾರೆ ಅಂತ ಆಮೇಲಿನ ಪ್ರಯೋಗಗಳು ತೋರಿಸಿವೆ. ಬಹಳ ಏನಿಲ್ಲ.)

ನೀವು ಈಗ ಈ ಸಾಲು ಓದುತ್ತಿದ್ದೀರಲ್ಲ, ಕಕ್ಕೆ ಕೊಂಬು ಕು, ದಕ್ಕೆ ಕೊಂಬು ದು, ರಕ್ಕೆ ಏತ್ವ ರೆ ಅಂತ ಕೂಡಿಸುತ್ತಿಲ್ಲ. 'ಕುದುರೆ' ಅಂತ ಇಡೀ ಪದ ಒಟ್ಟಿಗೇ ಕಣ್ಣಿಗೆ ಬೀಳುತ್ತದೆ. ಅನುಭವಿ ಆಟಗಾರರಿಗೆ ಮಣೆಯೂ ಹಾಗೇ. ಮೂಲೆ ಸೇರಿದ ರಾಜ, ಪಕ್ಕದ ಆನೆ, ಮುಂದಿನ ಮೂರು ಸೈನಿಕರು, ಇವು ಐದು ಕಾಯಿಗಳಲ್ಲ, ಒಂದು ಪದ. ಆ ಪದದ ಜೊತೆಗೆ ಅರ್ಥವೂ ಬರುತ್ತದೆ: ಇಲ್ಲಿ ಹಿಂದಿನ ಸಾಲಿನಲ್ಲಿ ಅಪಾಯ ಇದೆ, ಅಲ್ಲಿ ಒಂಟೆಯನ್ನು ಬಲಿಕೊಟ್ಟರೆ ದಾರಿ ತೆರೆಯಬಹುದು, ಹೀಗೆ. ಇಂಥ 'ಪದಗಳು' ಮಾಸ್ಟರ್ ತಲೆಯಲ್ಲಿ 10 ಸಾವಿರದಿಂದ 1 ಲಕ್ಷದ ತನಕ ಇರಬಹುದು ಅಂತ ಸೈಮನ್ ಅಂದಾಜು ಮಾಡಿದ್ದರು. ಅಷ್ಟು ಪದ ಒಂದು ಬೇಸಿಗೆ ರಜೆಯಲ್ಲಿ ಸೇರೋದಿಲ್ಲ. ಚೆಸ್ ನಿಧಾನಕ್ಕೆ ಹತ್ತೋದು ಇದಕ್ಕೇ.

ಹಾಗಾದರೆ ಆಡ್ತಾ ಆಡ್ತಾ ತಾನಾಗೇ ಬರುತ್ತದಾ? ನಾನೂ ವರ್ಷಗಟ್ಟಲೆ ಹಾಗೇ ನಂಬಿದ್ದೆ, ರಾತ್ರಿ ಮೂರು ನಿಮಿಷದ ಆಟ ಒಂದರ ಮೇಲೊಂದು ಆಡುತ್ತಿದ್ದೆ. ನೀಲ್ ಚಾರ್ನೆಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿದ ಮೇಲೆ ಸ್ವಲ್ಪ ನಾಚಿಕೆಯಾಯಿತು. ಆಟಗಾರರ ಮಟ್ಟ ಊಹಿಸೋಕೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಅವರು ಒಬ್ಬರೇ ಕೂತು ಅಭ್ಯಾಸ ಮಾಡಿದ ಗಂಟೆಗಳು. ಗ್ರ್ಯಾಂಡ್‌ಮಾಸ್ಟರ್‌ಗಳು ಮೊದಲ ಹತ್ತು ವರ್ಷದಲ್ಲಿ ಹೀಗೆ ಸುಮಾರು 5,000 ಗಂಟೆ ಕಳೆದಿದ್ದರು, ಮಧ್ಯಮ ಮಟ್ಟದವರ ಸುಮಾರು ಐದು ಪಟ್ಟು.

ಬರೀ ಆಡಿದರೆ ಯಾಕೆ ಸಾಲದು? ಹತ್ತನೇ ನಡೆಯ ತಪ್ಪಿಗೆ ಶಿಕ್ಷೆ ಮೂವತ್ತನೇ ನಡೆಯಲ್ಲಿ ಸಿಗುತ್ತದೆ. ಅಷ್ಟರಲ್ಲಿ ತಪ್ಪು ಎಲ್ಲಾಯಿತು ಅನ್ನೋದೇ ಮರೆತಿರುತ್ತೇವೆ, ಮುಂದಿನ ಆಟ ಶುರು ಮಾಡಿರುತ್ತೇವೆ. ಈಗ ನಾನು ಸೋತ ಆಟವನ್ನು ಕಂಪ್ಯೂಟರ್‌ಗೆ ತೋರಿಸೋ ಮುಂಚೆ ಒಬ್ಬನೇ ಕೂತು, ಆಗ ಏನು ಯೋಚಿಸಿದ್ದೆ ಅಂತ ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ. ಬೇಜಾರಿನ ಕೆಲಸ. ಆದರೆ ಮೊದಲೇ ಕಂಪ್ಯೂಟರ್ ನೋಡಿದರೆ "ಓ ಹೌದಲ್ಲ" ಅಂದು ಮರೆತುಬಿಡುತ್ತೇನೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಹೀಗೇ ಆಯಿತು: ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ನೋಡದೇ ನೆನಪಿಸಿಕೊಳ್ಳೋಕೆ ತಿಣುಕಿದವರಿಗೆ ಒಂದು ವಾರದ ಮೇಲೆ ಜಾಸ್ತಿ ನೆನಪಿತ್ತು.

ಪದಗಳು ಸೇರಿದಂತೆ ಇನ್ನೊಂದು ಕಾಟವೂ ಸೇರಿಕೊಳ್ಳುತ್ತದೆ. ಬಿಲಾಲಿಚ್, ಮೆಕ್‌ಲಾಯ್ಡ್, ಗೋಬೆ ಎಂಬ ಮೂವರು 2008ರಲ್ಲಿ ಪಳಗಿದ ಆಟಗಾರರಿಗೆ ಒಂದು ಸ್ಥಿತಿ ಕೊಟ್ಟರು. ಅದರಲ್ಲಿ ಎಲ್ಲರಿಗೂ ಗೊತ್ತಿರೋ ಉದ್ದದ ಚೆಕ್‌ಮೇಟ್ ಒಂದಿತ್ತು, ಅಷ್ಟು ಪರಿಚಯವಿಲ್ಲದ ಚಿಕ್ಕ ದಾರಿಯೂ ಇತ್ತು. ಗೊತ್ತಿದ್ದದ್ದು ಸಿಕ್ಕಿತು. ಇದಕ್ಕಿಂತ ಒಳ್ಳೆಯದು ಇದೆಯಾ ನೋಡಿ ಅಂದಾಗ ಹುಡುಕುತ್ತಿದ್ದೇವೆ ಅಂದರು, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು. ಕಣ್ಣಿನ ಚಲನೆ ಅಳೆಯೋ ಯಂತ್ರ ಬೇರೆಯೇ ಕತೆ ಹೇಳಿತು: ದೃಷ್ಟಿ ಮತ್ತೆ ಮತ್ತೆ ಅದೇ ಹಳೇ ಮನೆಗಳಿಗೇ ಹೋಗುತ್ತಿತ್ತು. ನನ್ನ ಆರು ನಿಮಿಷ ಎಲ್ಲಿ ಹೋಯಿತು ಅಂತ ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ.

ತಾಳ್ಮೆ ಬೇಕು ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಲೆಕ್ಕ ಕೊಡಲ್ಲ. ಇಲ್ಲಿದೆ ನೋಡಿ. ಚೆಸ್‌ನಲ್ಲಿ ಆಟಗಾರರ ಮಟ್ಟವನ್ನು ರೇಟಿಂಗ್ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, ಅದನ್ನು ಲೆಕ್ಕ ಹಾಕೋದು ಈಲೊ ಸೂತ್ರದಿಂದ. ನೀವು ಕಷ್ಟಪಟ್ಟು ರೇಟಿಂಗ್‌ನಲ್ಲಿ 50ರಷ್ಟು ನಿಜವಾಗಿ ಸುಧಾರಿಸಿದ್ದೀರಿ ಅಂದುಕೊಳ್ಳಿ. ಆ ಸೂತ್ರದ ಪ್ರಕಾರ ನಿನ್ನೆಯ ಸರಿಸಮಾನರ ವಿರುದ್ಧ ಈಗ ನಿಮಗೆ ಶೇ. 57ರಷ್ಟು ಅಂಕ (ಗೆದ್ದರೆ ಒಂದು, ಡ್ರಾ ಆದರೆ ಅರ್ಧ) ಬರಬೇಕು. 20 ಆಟದಲ್ಲಿ 10ರ ಬದಲು 11.4. ಆದರೆ 20 ಆಟದಲ್ಲಿ ಬರೀ ಅದೃಷ್ಟದಿಂದಲೇ ಎರಡು ಅಂಕ ಆಚೀಚೆ ಆಗೋದು ಮಾಮೂಲು. ಅಂದರೆ ಸುಧಾರಿಸಿದ ತಿಂಗಳಲ್ಲೇ ರೇಟಿಂಗ್ ಬಿದ್ದಿರಬಹುದು, ಏನೂ ಮಾಡದ ತಿಂಗಳು ಏರಿರಬಹುದು. ಎಷ್ಟೋ ಜನ ಇಲ್ಲೇ ಕೈಚೆಲ್ಲುತ್ತಾರೆ.

ಎಲ್ಲರಿಗೂ ಒಂದೇ ಅಳತೆ ಅನ್ನೋದೂ ಸುಳ್ಳು. ಗೋಬೆ ಮತ್ತು ಕ್ಯಾಂಪಿಟೆಲ್ಲಿ 2007ರಲ್ಲಿ ಅರ್ಜೆಂಟೀನಾದ ಆಟಗಾರರನ್ನು ನೋಡಿದಾಗ, ಮಾಸ್ಟರ್ ಮಟ್ಟ ಮುಟ್ಟೋಕೆ ಒಬ್ಬರಿಗೆ ಸುಮಾರು 3,000 ಗಂಟೆ ಸಾಕಾಗಿತ್ತು, ಇನ್ನೊಬ್ಬರಿಗೆ 23,000ಕ್ಕೂ ಹೆಚ್ಚು ಹಿಡಿದಿತ್ತು. ನಾನು ಯಾವ ಕಡೆಯವನು ಅಂತ ಕೇಳಬೇಡಿ.

ಹಾಗಾಗಿ ರೇಟಿಂಗ್ ಬದಲು ನೋಟ್‌ಬುಕ್ ನೋಡುತ್ತೇನೆ. ಮೊದಲ ಪುಟಗಳ ತುಂಬ 'ಕುದುರೆ ಕಾಣಲಿಲ್ಲ' ಅಂತಲೇ ಇದೆ. ಈಚಿನ ಪುಟಗಳಲ್ಲಿ ಕುದುರೆ ಅಪರೂಪ. ಈಗೆಲ್ಲ ಮೂಲೆಯಲ್ಲಿ ಸುಮ್ನೆ ಕೂತಿರೋ ಒಂಟೆಯದ್ದೇ ಕಾಟ.