ಎಚ್‌ಟಿಟಿಪಿಎಸ್ ಅಥವಾ ಎಸ್‌ಎಸ್‌ಎಚ್: ಗಿಟ್ ರೆಪಾಸಿಟರಿಗೆ ಯಾವ ದಾರಿ ಸರಿ?

ಪ್ರಶ್ನೆ: ಕೋಡ್‌ನ ಭಂಡಾರಗಳನ್ನು (ರೆಪಾಸಿಟರಿ) ಇಡುವ ಗಿಟ್‌ಹಬ್ ತಾಣದಲ್ಲಿ ‘ಕೋಡ್’ ಎಂಬ ಹಸಿರು ಗುಂಡಿ ಒತ್ತಿದರೆ ಎಚ್‌ಟಿಟಿಪಿಎಸ್ ಮತ್ತು ಎಸ್‌ಎಸ್‌ಎಚ್ ಎಂದು ಎರಡು ವಿಳಾಸಗಳು ಕಾಣಿಸುತ್ತವೆ. ಎಸ್‌ಎಸ್‌ಎಚ್ ಒಂದೇ ಸುರಕ್ಷಿತ ಎಂದು ಕಚೇರಿಯ ಹಿರಿಯರು ಹೇಳುತ್ತಾರೆ. ನಾನಿರುವ ಪಿಜಿಯ ವೈಫೈಯಲ್ಲಿ ಅದು ಸಂಪರ್ಕವನ್ನೇ ಪಡೆಯುವುದಿಲ್ಲ. ಹಳೆಯ ಪ್ರಾಜೆಕ್ಟೊಂದರಲ್ಲಿ ‘ಗಿಟ್’ ಎಂದೇ ಶುರುವಾಗಿ, ಕೋಲನ್ ಹಾಗೂ ಎರಡು ಓರೆಗೆರೆ ಇರುವ ಮೂರನೆಯ ಬಗೆಯ ವಿಳಾಸವೂ ಇದೆ. ನಾನು ಯಾವುದನ್ನು ಬಳಸಬೇಕು?

ಉತ್ತರ: ಮೂರನೆಯದನ್ನು ಮೊದಲು ಮುಗಿಸಿಬಿಡೋಣ. ಅದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ. ಅದು ಗಿಟ್ ತಂತ್ರಾಂಶದ್ದೇ ಆದ ಹಳೆಯ ಪ್ರೋಟೊಕಾಲ್, ಅಂದರೆ ಮಾಹಿತಿ ಸಾಗಿಸುವ ಕ್ರಮ. ಪೋರ್ಟ್ (ಸಂಪರ್ಕದ ಬಾಗಿಲ ಸಂಖ್ಯೆ) 9418ರಲ್ಲಿ ನಡೆಯುತ್ತದೆ, ವೇಗವಾಗಿಯೇ ನಡೆಯುತ್ತದೆ. ಆದರೆ ಅದಕ್ಕೆ ಎನ್‌ಕ್ರಿಪ್ಷನ್, ಅಂದರೆ ಮಾಹಿತಿಯನ್ನು ಗೂಢಲಿಪಿಯಾಗಿಸಿ ಕಳಿಸುವ ಏರ್ಪಾಡು, ಇಲ್ಲ. ಆ ತುದಿಯಲ್ಲಿರುವುದು ನಿಜವಾದ ಸರ್ವರೇ ಎಂದು ಖಾತರಿ ಮಾಡಿಕೊಳ್ಳುವ ವ್ಯವಸ್ಥೆಯೂ ಇಲ್ಲ. ಗಿಟ್‌ಹಬ್ ಇದನ್ನು 2022ರ ಮಾರ್ಚ್ 15ರಂದು ಪೂರ್ತಿಯಾಗಿ ನಿಲ್ಲಿಸಿತು. ಕೋಡ್ ಹೇಗೂ ಎಲ್ಲರಿಗೂ ತೆರೆದಿರುವಾಗ ಬಚ್ಚಿಡುವುದಕ್ಕೆ ಏನಿದೆ ಎಂದು ಕೇಳುವವರಿದ್ದಾರೆ. ಇಲ್ಲಿ ಭಯ ಯಾರೋ ಓದಿಬಿಡುತ್ತಾರೆ ಎಂಬುದಲ್ಲ, ನಡುದಾರಿಯಲ್ಲಿ ತಿದ್ದಿಬಿಡುತ್ತಾರೆ ಎಂಬುದು. ಗಿಟ್‌ನ ಪ್ರತಿ ಕಮಿಟ್‌ಗೂ (ದಾಖಲಿಸಿಟ್ಟ ಬದಲಾವಣೆಗೂ) ಅದರ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿದ ಹ್ಯಾಶ್ ಎಂಬ ಗುರುತುಸಾಲು ಇರುತ್ತದೆ, ನಿಜ. ಆದರೆ ಮೊದಲ ಸಲ ಕ್ಲೋನ್ ಮಾಡುವವರಿಗೆ, ಅಂದರೆ ರೆಪಾಸಿಟರಿಯ ಪ್ರತಿ ಇಳಿಸಿಕೊಳ್ಳುವವರಿಗೆ, ಯಾವ ಹ್ಯಾಶ್ ಬರಬೇಕಿತ್ತು ಎಂಬುದೇ ಗೊತ್ತಿರುವುದಿಲ್ಲವಲ್ಲ.

ಹಳೆಯ ಪ್ರಾಜೆಕ್ಟಿನ ಅವಲಂಬನೆಗಳ ಪಟ್ಟಿಯಲ್ಲಿ ಇಂಥ ವಿಳಾಸಗಳು ಹತ್ತಾರು ಕಡೆ ಹುದುಗಿದ್ದರೆ ಒಂದೊಂದನ್ನೇ ಹುಡುಕಿ ತಿದ್ದಬೇಕಾಗಿಲ್ಲ. ಗಿಟ್‌ನ ಸೆಟ್ಟಿಂಗ್‌ನಲ್ಲಿ ‘ಇನ್‌ಸ್ಟೆಡ್‌ಆಫ್’ ಎಂಬ ಆಯ್ಕೆ ಇದೆ. ಇಂಥ ವಿಳಾಸ ಕಂಡಾಗಲೆಲ್ಲ ಅದರ ಜಾಗದಲ್ಲಿ ಎಚ್‌ಟಿಟಿಪಿಎಸ್ ವಿಳಾಸ ಬಳಸು ಎಂದು ಒಮ್ಮೆ ಬರೆದಿಟ್ಟರೆ ಗಿಟ್ ತಾನೇ ಬದಲಾಯಿಸಿಕೊಳ್ಳುತ್ತದೆ.

ಇನ್ನು ನಿಮ್ಮ ಹಿರಿಯರ ಮಾತು. ದಾರಿಯಲ್ಲಿ ಹೋಗುವ ಮಾಹಿತಿಯ ಮಟ್ಟಿಗೆ ಎಸ್‌ಎಸ್‌ಎಚ್ ಹೆಚ್ಚು, ಎಚ್‌ಟಿಟಿಪಿಎಸ್ ಕಡಿಮೆ ಎಂಬುದಕ್ಕೆ ಆಧಾರವಿಲ್ಲ. ಎರಡೂ ಗಟ್ಟಿಯಾದ ಎನ್‌ಕ್ರಿಪ್ಷನ್ ಬಳಸುತ್ತವೆ. ವ್ಯತ್ಯಾಸ ಇರುವುದು ಎರಡು ತುದಿಗಳಲ್ಲಿ: ಸರ್ವರ್ ತಾನು ಯಾರೆಂದು ನಿಮಗೆ ಹೇಗೆ ತೋರಿಸುತ್ತದೆ, ನೀವು ಯಾರೆಂದು ಸರ್ವರ್‌ಗೆ ಹೇಗೆ ತೋರಿಸುತ್ತೀರಿ ಎಂಬುದರಲ್ಲಿ.

ಎಚ್‌ಟಿಟಿಪಿಎಸ್‌ನಲ್ಲಿ ಸರ್ವರ್‌ನ ಗುರುತನ್ನು ಪ್ರಮಾಣಪತ್ರ ದೃಢಪಡಿಸುತ್ತದೆ. ಬ್ಯಾಂಕಿನ ಜಾಲತಾಣ ತೆರೆದಾಗ ಬ್ರೌಸರ್ ಮಾಡುವ ಪರಿಶೀಲನೆಯೇ ಇಲ್ಲಿಯೂ ನಡೆಯುತ್ತದೆ. ಎಸ್‌ಎಸ್‌ಎಚ್ ಆ ಹೊಣೆಯನ್ನು ನಿಮ್ಮ ಮೇಲೆ ಹಾಕುತ್ತದೆ. ಮೊದಲ ಸಲ ಸಂಪರ್ಕಿಸಿದಾಗ ಸರ್ವರ್‌ನ ಕೀಲಿಯ ಬೆರಳಚ್ಚನ್ನು, ಅಂದರೆ ಅಕ್ಷರ ಮತ್ತು ಅಂಕಿಗಳ ಒಂದು ಸಾಲನ್ನು ತೋರಿಸಿ, ಮುಂದುವರಿಯಲೇ ಎಂದು ಕೇಳುತ್ತದೆ. ಆ ಸಾಲನ್ನು ಗಿಟ್‌ಹಬ್‌ನ ದಾಖಲೆಗಳಲ್ಲಿ ಪ್ರಕಟವಾಗಿರುವ ಬೆರಳಚ್ಚಿನೊಂದಿಗೆ ಹೋಲಿಸಿ ನೋಡಬೇಕು. ನೋಡುವವರು ಎಷ್ಟು ಜನ? ಕೈ ತಾನಾಗಿಯೇ ‘ಯೆಸ್’ ಎಂದು ಒತ್ತಿರುತ್ತದೆ.

ಈ ಅಭ್ಯಾಸದ ಬೆಲೆ ಏನೆಂದು 2023ರ ಮಾರ್ಚ್ 24ರಂದು ಕಾಣಿಸಿತು. ಗಿಟ್‌ಹಬ್‌ನದೇ ಆರ್‌ಎಸ್‌ಎ ಬಗೆಯ ಖಾಸಗಿ (ಗುಟ್ಟಾಗಿರಬೇಕಾದ) ಕೀಲಿ ಒಂದು ಸಾರ್ವಜನಿಕ ರೆಪಾಸಿಟರಿಯಲ್ಲಿ ಸ್ವಲ್ಪ ಹೊತ್ತು ಬಯಲಾಗಿತ್ತು. ಕಂಪನಿ ಅಂದು ಆ ಕೀಲಿಯನ್ನು ಬದಲಾಯಿಸಿತು. ಹಳೆಯ ಕೀಲಿಯನ್ನು ನೆನಪಿಟ್ಟುಕೊಂಡಿದ್ದ ಕಂಪ್ಯೂಟರುಗಳಲ್ಲಿ ಪುಲ್ ಮಾಡಲು (ಹೊಸ ಕೋಡ್ ತಂದುಕೊಳ್ಳಲು) ಹೋದವರಿಗೆ ಪರದೆಯ ತುಂಬ ದೊಡ್ಡಕ್ಷರಗಳ ಎಚ್ಚರಿಕೆ ಎದುರಾಯಿತು: ಸರ್ವರ್‌ನ ಗುರುತು ಬದಲಾಗಿದೆ, ಯಾರೋ ಕಿಡಿಗೇಡಿತನ ನಡೆಸುತ್ತಿರಬಹುದು. ಎಚ್ಚರಿಕೆ ತನ್ನ ಕೆಲಸ ಮಾಡಿತ್ತು. ಈಗ ಮಾಡಬೇಕಾದದ್ದು ಎರಡೇ: ಹಳೆಯ ಸಾಲನ್ನು, ಸರ್ವರ್ ಕೀಲಿಗಳನ್ನು ನೆನಪಿಟ್ಟುಕೊಳ್ಳುವ ‘ನೋನ್ ಹೋಸ್ಟ್ಸ್’ ಕಡತದಿಂದ ತೆಗೆಯುವುದು, ಹೊಸ ಬೆರಳಚ್ಚನ್ನು ಪ್ರಕಟಿತ ಸಾಲಿನೊಂದಿಗೆ ತಾಳೆ ನೋಡುವುದು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಮಾಡಿದರೆ ಎಸ್‌ಎಸ್‌ಎಚ್ ಕೊಡುವ ರಕ್ಷಣೆಯ ಅರ್ಧವನ್ನು ನೀವೇ ಕಿತ್ತುಹಾಕಿದಂತೆ. ಅಂದು ಎಚ್‌ಟಿಟಿಪಿಎಸ್ ಮೂಲಕ ಕೆಲಸ ಮಾಡುತ್ತಿದ್ದವರಿಗೆ ಏನೂ ತೊಂದರೆಯಾಗಲಿಲ್ಲ. ಇಡಿ25519 ಎಂಬ ಬೇರೆ ಬಗೆಯ ಸರ್ವರ್ ಕೀಲಿಯನ್ನು ನಂಬಿದ್ದವರಿಗೂ ಅಷ್ಟೇ.

ನಿಮ್ಮ ತುದಿಗೆ ಬಂದರೆ ತಕ್ಕಡಿ ಎಸ್‌ಎಸ್‌ಎಚ್ ಕಡೆ ವಾಲುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಎಸ್‌ಎಸ್‌ಎಚ್‌ನಲ್ಲಿ ಖಾಸಗಿ ಕೀಲಿ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಆ ಕೀಲಿಯಿಂದ ಹಾಕಿದ ಸಹಿ ಮಾತ್ರ ಹೋಗುತ್ತದೆ. ಎಚ್‌ಟಿಟಿಪಿಎಸ್‌ನಲ್ಲಿ ಟೋಕನ್, ಅಂದರೆ ಪಾಸ್‌ವರ್ಡ್ ಬದಲಿಗೆ ಗಿಟ್‌ಹಬ್‌ನಿಂದ ಪಡೆಯುವ ಗುಟ್ಟಿನ ಅಕ್ಷರಸಾಲು, ಪ್ರತಿ ಸಲವೂ ಸರ್ವರ್‌ಗೆ ರವಾನೆಯಾಗುತ್ತದೆ. ಟೋಕನ್ ಎಂದೆ, ಪಾಸ್‌ವರ್ಡ್ ಎನ್ನಲಿಲ್ಲ. ಗಿಟ್ ಕೆಲಸಗಳಿಗೆ ಖಾತೆಯ ಪಾಸ್‌ವರ್ಡ್ ಒಪ್ಪುವುದನ್ನು ಗಿಟ್‌ಹಬ್ 2021ರ ಆಗಸ್ಟ್ 13ರಂದೇ ನಿಲ್ಲಿಸಿದೆ.

ಹಿರಿಯರು ಸಾಮಾನ್ಯವಾಗಿ ಹೇಳದೆ ಬಿಡುವ ಮಾತೊಂದಿದೆ. ಖಾತೆಗೆ ಸೇರಿಸಿದ ಎಸ್‌ಎಸ್‌ಎಚ್ ಕೀಲಿಗೆ, ನಿಮಗೆ ಪ್ರವೇಶವಿರುವ ಎಲ್ಲ ರೆಪಾಸಿಟರಿಗಳೂ ಸಾಮಾನ್ಯವಾಗಿ ತೆರೆದುಕೊಳ್ಳುತ್ತವೆ. ಇದೊಂದಕ್ಕೆ ಮಾತ್ರ, ಓದುವುದಕ್ಕೆ ಮಾತ್ರ, ಮೂವತ್ತು ದಿನಕ್ಕೆ ಮಾತ್ರ ಎಂದು ಅದಕ್ಕೆ ಕಡಿವಾಣ ಹಾಕಲು ಆಗುವುದಿಲ್ಲ. ಗಿಟ್‌ಹಬ್‌ನ ‘ಫೈನ್ ಗ್ರೇನ್ಡ್’ ಟೋಕನ್‌ಗೆ ಈ ಮೂರೂ ಮಿತಿಗಳನ್ನು ಹಾಕಬಹುದು. ಪಾಸ್‌ಫ್ರೇಸ್ (ಕೀಲಿ ಕಡತಕ್ಕೆ ಹಾಕುವ ಗುಪ್ತಪದ) ಇಲ್ಲದ ಎಸ್‌ಎಸ್‌ಎಚ್ ಕೀಲಿ ಕಡತ ಕಳ್ಳನ ಕೈ ಸೇರಿದರೆ ಆಗುವ ಹಾನಿಗಿಂತ ಇಂಥ ಟೋಕನ್ ಸೋರಿಕೆಯಾದರೆ ಆಗುವ ಹಾನಿ ಚಿಕ್ಕದು. ಆದ್ದರಿಂದ ಎಸ್‌ಎಸ್‌ಎಚ್ ಆರಿಸುವುದಾದರೆ ಇಡಿ25519 ಬಗೆಯ ಕೀಲಿ ಮಾಡಿಕೊಳ್ಳಿ, ಪಾಸ್‌ಫ್ರೇಸ್ ಕೇಳುವ ಕಡೆ ಸುಮ್ಮನೆ ಎಂಟರ್ ಒತ್ತಿ ದಾಟಬೇಡಿ. ಎಸ್‌ಎಸ್‌ಎಚ್ ಏಜೆಂಟ್ ಎಂಬ ಸಹಾಯಕ ತಂತ್ರಾಂಶ ತೆರೆದ ಕೀಲಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ ಪ್ರತಿ ಪುಶ್‌ಗೂ (ಕೋಡ್ ಕಳಿಸುವಾಗಲೂ) ಪಾಸ್‌ಫ್ರೇಸ್ ಟೈಪ್ ಮಾಡುವ ರಗಳೆ ಇರುವುದಿಲ್ಲ.

ಎಚ್‌ಟಿಟಿಪಿಎಸ್ ಆರಿಸಿದರೆ ಎಲ್ಲವೂ ನಿಂತಿರುವುದು ಟೋಕನ್ ಎಲ್ಲಿ ಕುಳಿತಿದೆ ಎಂಬುದರ ಮೇಲೆ. ಗಿಟ್‌ನ ‘ಸ್ಟೋರ್’ ಎಂಬ ಸಹಾಯಕ ಅದನ್ನು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಸಾದಾ ಅಕ್ಷರಗಳಲ್ಲಿ ಬರೆದಿಡುತ್ತದೆ. ಇದಕ್ಕಿಂತ ಕೆಟ್ಟದ್ದು, ಟೋಕನ್ನನ್ನು ವಿಳಾಸದೊಳಗೇ ಅಂಟಿಸಿ ಕ್ಲೋನ್ ಮಾಡುವುದು. ಹಾಗೆ ಮಾಡಿದರೆ ಅದು ಪ್ರಾಜೆಕ್ಟಿನ ಗಿಟ್ ಫೋಲ್ಡರಿನ ‘ಕಾನ್ಫಿಗ್’ ಕಡತದಲ್ಲಿ ಉಳಿದುಬಿಡುತ್ತದೆ. ಆ ಫೋಲ್ಡರನ್ನು ಜಿಪ್ ಮಾಡಿ ಸಹಪಾಠಿಗೆ ಕಳಿಸಿದ ದಿನ ಟೋಕನ್ ಕೂಡ ಅವರ ಮನೆ ಸೇರುತ್ತದೆ. ವಿಂಡೋಸ್‌ನಲ್ಲಿ ಗಿಟ್ ಕ್ರೆಡೆನ್ಶಿಯಲ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಕೀಚೈನ್ ಟೋಕನ್ನನ್ನು ಭದ್ರವಾಗಿಡುವ ಕೆಲಸಕ್ಕೆಂದೇ ಇವೆ.

ನಿಮ್ಮ ಪಿಜಿಯ ತೊಂದರೆಗೆ ಕಾರಣ ಹೆಚ್ಚಿನಮಟ್ಟಿಗೆ ಪೋರ್ಟ್ 22. ಎಸ್‌ಎಸ್‌ಎಚ್ ಸಾಮಾನ್ಯವಾಗಿ ಅಲ್ಲಿಂದ ಹೋಗುತ್ತದೆ, ಕಾಲೇಜು, ಪಿಜಿ, ಕಂಪನಿಗಳ ಫೈರ್‌ವಾಲ್‌ಗಳು ಅದನ್ನು ಮುಚ್ಚಿಡುವುದು ಅಪರೂಪವಲ್ಲ. ಜಾಲತಾಣಗಳಿಗೆ ಬೇಕಾದ 443 ಮಾತ್ರ ಎಲ್ಲೆಡೆ ತೆರೆದಿರುತ್ತದೆ. ಗಿಟ್‌ಹಬ್ ಅದೇ 443ರಲ್ಲಿಯೂ ಎಸ್‌ಎಸ್‌ಎಚ್ ಒದಗಿಸುತ್ತದೆ. ಎಸ್‌ಎಸ್‌ಎಚ್ ಸೆಟ್ಟಿಂಗ್ ಕಡತದಲ್ಲಿ ಗಿಟ್‌ಹಬ್‌ಗೆ ಹೋಸ್ಟ್ ಹೆಸರು ‘ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್’, ಪೋರ್ಟ್ 443 ಎಂದು ಬರೆದರೆ ಸಾಕು. ಗಿಟ್‌ಹಬ್‌ನಂಥದ್ದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಇದೇ ಕೆಲಸಕ್ಕೆ ‘ಆಲ್ಟ್‌ಎಸ್‌ಎಸ್‌ಎಚ್’ ಎಂದು ಶುರುವಾಗುವ ಹೋಸ್ಟ್ ಇದೆ. ಪಿಜಿಯ ವೈಫೈಗೆ ಇದು ಬಹುತೇಕ ಸಾಕಾಗುತ್ತದೆ.

ಕಂಪನಿಯ ಪ್ರಾಕ್ಸಿಗಳು, ಅಂದರೆ ಅಂತರಜಾಲದ ಸಂಚಾರವೆಲ್ಲ ಹಾದುಹೋಗುವ ನಡುವಿನ ಸರ್ವರ್‌ಗಳು, ಇದಕ್ಕಿಂತ ಬಿಗಿ. ಕೆಲವು ಪ್ರಾಕ್ಸಿಗಳು 443ರಲ್ಲಿ ಹೋಗುವುದು ನಿಜವಾಗಿಯೂ ವೆಬ್ ಸಂಚಾರವೇ ಎಂದು ಬಿಚ್ಚಿ ನೋಡುತ್ತವೆ. ಅಲ್ಲಿ ಎಚ್‌ಟಿಟಿಪಿಎಸ್ ಒಂದೇ ದಾರಿ, ಅದೂ ಪ್ರಮಾಣಪತ್ರದ ದೋಷ ತೋರಿಸಬಹುದು. ಆಗ ಅಂತರಜಾಲದಲ್ಲಿ ಹುಡುಕಿದರೆ ಸಿಗುವ ಮೊದಲ ಸಲಹೆ, ಪ್ರಮಾಣಪತ್ರದ ಪರಿಶೀಲನೆಯನ್ನೇ ನಿಲ್ಲಿಸಿಬಿಡಿ ಎಂಬುದು. ದಯವಿಟ್ಟು ಬೇಡ. ಅದನ್ನು ನಿಲ್ಲಿಸಿದ ಎಚ್‌ಟಿಟಿಪಿಎಸ್‌ನಲ್ಲಿ ಸರ್ವರ್ ಯಾರೆಂದು ನೋಡುವವರೇ ಇರುವುದಿಲ್ಲ, ನಿಮ್ಮ ಟೋಕನ್ ಯಾರ ಕೈಗೆ ಬೇಕಾದರೂ ಹೋಗಬಹುದು. ಕಂಪನಿಯ ಮೂಲ ಪ್ರಮಾಣಪತ್ರವನ್ನು ಐಟಿ ವಿಭಾಗದಿಂದ ಪಡೆದು ಗಿಟ್‌ಗೆ ಅದರ ಜಾಗ ತೋರಿಸುವುದು ಸರಿಯಾದ ಕ್ರಮ. ಒಂದು ಇಮೇಲ್ ಬರೆಯುವಷ್ಟು ಕೆಲಸ.

ಕ್ಲೋನ್ ಅರ್ಧಕ್ಕೆ ನಿಲ್ಲುವುದೂ ಪ್ರೋಟೊಕಾಲಿನ ದೋಷವೆಂದು ಬಹಳ ಜನ ತಿಳಿದಿದ್ದಾರೆ. ಕಾರಣ ಹೆಚ್ಚಾಗಿ ಬೇರೆ: ಸಾಮಾನ್ಯ ಕ್ಲೋನ್ ಒಮ್ಮೆ ಕಡಿದರೆ ಗಿಟ್ ಮೊದಲಿನಿಂದಲೇ ಶುರು ಮಾಡುತ್ತದೆ, ಎಚ್‌ಟಿಟಿಪಿಎಸ್ ಇರಲಿ ಎಸ್‌ಎಸ್‌ಎಚ್ ಇರಲಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದೊಡ್ಡ ರೆಪಾಸಿಟರಿ ತರಬೇಕಾದಾಗ ಮೊದಲು ‘ಡೆಪ್ತ್ 1’ ಎಂದು ಕೊಟ್ಟು ಕೊನೆಯ ಕಮಿಟ್ ಮಾತ್ರ ತಂದುಕೊಳ್ಳಿ, ಹಳೆಯ ಇತಿಹಾಸವನ್ನು ಆಮೇಲೆ ಸ್ವಲ್ಪಸ್ವಲ್ಪವಾಗಿ ಆಳಕ್ಕೆ ಎಳೆದುಕೊಳ್ಳಬಹುದು. ಗಿಟ್‌ನ ‘ಪೋಸ್ಟ್‌ಬಫರ್’ ಎಂಬ ಸೆಟ್ಟಿಂಗ್ ಹೆಚ್ಚಿಸಿ ಎಂಬ ಜನಪ್ರಿಯ ಮದ್ದು ಕ್ಲೋನ್‌ಗೆ ಸಂಬಂಧಪಟ್ಟದ್ದೇ ಅಲ್ಲ. ಪುಶ್‌ನ ಹೆಚ್ಚಿನ ತೊಂದರೆಗಳಿಗೂ ಅದು ಪರಿಹಾರವಲ್ಲ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಬೇಕು: ಕಚೇರಿಯ ಸರ್ವರ್ ಕೋಡ್ ಎಳೆದುಕೊಳ್ಳಬೇಕಾದರೆ ನಿಮ್ಮ ಸ್ವಂತ ಕೀಲಿಯನ್ನು ಅಲ್ಲಿ ಇಡಬೇಡಿ. ಬದಲಿಗೆ ‘ಡಿಪ್ಲಾಯ್ ಕೀ’ ಎಂಬ ಎಸ್‌ಎಸ್‌ಎಚ್ ಕೀಲಿ ಬಳಸಿ, ಅದು ಒಂದೇ ರೆಪಾಸಿಟರಿಗೆ ಅಂಟಿಕೊಂಡಿರುತ್ತದೆ. ಬರೆಯುವ ಅನುಮತಿಯನ್ನು ನೀವಾಗಿ ಕೊಡದಿದ್ದರೆ ಓದುವುದಷ್ಟೇ ಅದರಿಂದ ಸಾಧ್ಯ. ನೀವು ಕೆಲಸ ಬಿಟ್ಟ ಮರುದಿನ ಸರ್ವರ್ ನಿಲ್ಲುವ ಪೇಚಾಟವೂ ತಪ್ಪುತ್ತದೆ.

ಹಾಗಾಗಿ ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ಪಾಸ್‌ಫ್ರೇಸ್ ಇರುವ ಎಸ್‌ಎಸ್‌ಎಚ್ ಬಳಸಿ, ಪಿಜಿಗೆ 443ರ ಏರ್ಪಾಡು ಮಾಡಿಕೊಳ್ಳಿ. ಲ್ಯಾಬಿನ ಅಥವಾ ಬೇರೆಯವರ ಕಂಪ್ಯೂಟರಿನಲ್ಲಿ ಎಸ್‌ಎಸ್‌ಎಚ್ ಕೀಲಿ ಬಿಟ್ಟುಬರುವುದಕ್ಕಿಂತ, ಒಂದೇ ರೆಪಾಸಿಟರಿಗೆ ಸೀಮಿತವಾದ ಅಲ್ಪಾವಧಿಯ ಟೋಕನ್ ಹಾಗೂ ಎಚ್‌ಟಿಟಿಪಿಎಸ್ ಉತ್ತಮ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಮತ್ತೆ ಕ್ಲೋನ್ ಮಾಡಬೇಕಾಗಿಲ್ಲ, ‘ಗಿಟ್ ರಿಮೋಟ್ ಸೆಟ್-ಯುಆರ್‌ಎಲ್’ ಎಂಬ ಆದೇಶದಿಂದ ವಿಳಾಸ ಬದಲಾಗುತ್ತದೆ. ಅದಕ್ಕೂ ಮೊದಲು ಇಂದೇ ‘ಗಿಟ್ ರಿಮೋಟ್ -ವಿ’ ಓಡಿಸಿ ನೋಡಿ. ಎಚ್‌ಟಿಟಿಪಿಎಸ್ ವಿಳಾಸದ ನಡುವೆ, ‘ಅಟ್’ ಚಿಹ್ನೆಗಿಂತ ಹಿಂದೆ, ಅರ್ಥವಿಲ್ಲದ ಉದ್ದನೆಯ ಅಕ್ಷರಸಾಲು ಕಂಡರೆ ಅದು ಟೋಕನ್; ವಿಳಾಸ ತಿದ್ದುವ ಮೊದಲು ಗಿಟ್‌ಹಬ್‌ನ ಸೆಟ್ಟಿಂಗ್‌ಗೆ ಹೋಗಿ ಅದನ್ನು ರದ್ದು ಮಾಡಿ.