ಹತ್ತು ಪಟ್ಟು ಬ್ಯಾಟರಿ ಮತ್ತು ಒಂದು ತೆಳು ಪೊರೆ

‘ಹೊಸ ಬ್ಯಾಟರಿ ಬಂತು, ಐದೇ ನಿಮಿಷದಲ್ಲಿ ಚಾರ್ಜ್ ಆಗುತ್ತದೆ, ಹತ್ತು ಪಟ್ಟು ಸಾಮರ್ಥ್ಯ.’ ಈ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಆಮೇಲೆ ಆ ಬ್ಯಾಟರಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡ ಕಂಪನಿಗಳು ಪೇಟೆಂಟ್ ಕೊಂಡು ಬಚ್ಚಿಟ್ಟವು, ಪೆಟ್ರೋಲ್ ಮಾರುವವರು ಮುಚ್ಚಿಹಾಕಿದರು ಎಂಬ ಮಾತು ಹಬ್ಬುತ್ತದೆ. ಈ ಮಾತು ಕೇಳಿದಾಗ ನಿಜಕ್ಕೂ ಬೇಸರವಾಗುತ್ತದೆ. ಅಸಲಿ ಕಾರಣ ಇದಕ್ಕಿಂತ ಎಷ್ಟೋ ಸ್ವಾರಸ್ಯವಾಗಿದೆ. ಬ್ಯಾಟರಿಯೊಳಗೆ ತಾನಾಗಿಯೇ ಕಟ್ಟಿಕೊಳ್ಳುವ, ಹತ್ತಾರು ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ದಪ್ಪದ ಒಂದು ಪೊರೆಯಲ್ಲಿ ಅದು ಅಡಗಿದೆ.

ಮೊದಲು ಆ ‘ಹತ್ತು ಪಟ್ಟು’ ಎಲ್ಲಿಂದ ಬಂತು ನೋಡೋಣ. ಇಂದಿನ ಲಿಥಿಯಂ-ಅಯಾನ್ ಬ್ಯಾಟರಿಯ ಆನೋಡ್, ಅಂದರೆ ಚಾರ್ಜ್ ಆಗುವಾಗ ಲಿಥಿಯಂ ಬಂದು ಸೇರುವ ಋಣಧ್ರುವ, ಹೆಚ್ಚಾಗಿ ಗ್ರಾಫೈಟ್. ಒಂದು ಗ್ರಾಂ ಗ್ರಾಫೈಟ್ ಹೆಚ್ಚೆಂದರೆ 372 ಮಿಲಿಆಂಪಿಯರ್-ಗಂಟೆಯಷ್ಟು ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಗ್ರಾಂ ಸಿಲಿಕಾನ್ ಸುಮಾರು 3,600 ಹಿಡಿಯುತ್ತದೆ. ಹತ್ತು ಪಟ್ಟು ಎನ್ನುವುದು ಸುಳ್ಳಲ್ಲ. ಆದರೆ ಅದು ಒಂದು ಗ್ರಾಂ ಪುಡಿಯ ಲೆಕ್ಕ, ಬ್ಯಾಟರಿಯ ಲೆಕ್ಕವಲ್ಲ. ಸೆಲ್‌ನಲ್ಲಿ ಲಿಥಿಯಂ ಹೊರಡುವ ಧನಧ್ರುವವಾದ ಕ್ಯಾಥೋಡ್ ಇದೆ, ತಾಮ್ರದ ಹಾಳೆ ಇದೆ, ಅಲ್ಯೂಮಿನಿಯಂ ಹಾಳೆ ಇದೆ, ಎರಡು ಧ್ರುವಗಳು ಒಂದಕ್ಕೊಂದು ತಾಗದಂತೆ ತಡೆಯುವ ಸೆಪರೇಟರ್ ಇದೆ, ಲಿಥಿಯಂ ಅಯಾನುಗಳು (ವಿದ್ಯುದಾವೇಶವಿರುವ ಲಿಥಿಯಂ ಪರಮಾಣುಗಳು) ಓಡಾಡುವ ದ್ರವವಾದ ಎಲೆಕ್ಟ್ರೊಲೈಟ್ ಇದೆ, ಹೊರಗವಚ ಇದೆ. ಇಷ್ಟೆಲ್ಲದರ ತೂಕದಲ್ಲಿ ಗ್ರಾಫೈಟಿನ ಪಾಲು ಹೆಚ್ಚುಕಡಿಮೆ ಐದನೇ ಒಂದು. ಆ ಗ್ರಾಫೈಟನ್ನು ಪೂರ್ತಿ ಮಾಯ ಮಾಡಿ ತೂಕವೇ ಇಲ್ಲದ ಯಾವುದೋ ವಸ್ತು ತುಂಬಿದರೂ, ಕಿಲೋಗ್ರಾಂ ಲೆಕ್ಕದಲ್ಲಿ ಲಾಭ ಕಾಲು ಭಾಗದಷ್ಟು. ಹತ್ತು ಪಟ್ಟು ಎಂದು ಶುರುವಾದದ್ದು ಒಂದೂಕಾಲು ಪಟ್ಟಿಗೆ ಬಂದು ನಿಲ್ಲುತ್ತದೆ.

ಇನ್ನು ಪೊರೆಯ ವಿಷಯ. ಚಾರ್ಜ್ ಆದ ಗ್ರಾಫೈಟಿನ ವೋಲ್ಟೇಜ್, ಶುದ್ಧ ಲಿಥಿಯಂ ಲೋಹದ ವೋಲ್ಟೇಜಿಗಿಂತ ಕೇವಲ 0.1 ವೋಲ್ಟಿನಷ್ಟು ಮೇಲಿರುತ್ತದೆ. ಎಲೆಕ್ಟ್ರೊಲೈಟಿನ ಕಾರ್ಬೊನೇಟ್ ದ್ರಾವಕಗಳಿಗೆ ಅಲ್ಲಿ ಉಳಿಗಾಲವಿಲ್ಲ. ಸುಮಾರು 0.8 ವೋಲ್ಟಿಗೆ ಇಳಿಯುವಷ್ಟರಲ್ಲೇ ಅವು ಎಲೆಕ್ಟ್ರಾನ್ ಹೀರಿ ಒಡೆಯತೊಡಗುತ್ತವೆ. ಲೆಕ್ಕದ ಪ್ರಕಾರ ನಮ್ಮ ಫೋನಿನ ಬ್ಯಾಟರಿ ಮೊದಲ ದಿನವೇ ಎಲೆಕ್ಟ್ರೊಲೈಟನ್ನೆಲ್ಲ ತಿಂದು ಮುಗಿಸಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ, ಒಡೆದ ದ್ರಾವಕದ ಚೂರುಪಾರು. ಲಿಥಿಯಂ ಕಾರ್ಬೊನೇಟ್, ಲಿಥಿಯಂ ಫ್ಲೋರೈಡ್ ಮತ್ತು ಕೆಲವು ಸಾವಯವ ಲವಣಗಳು ಗ್ರಾಫೈಟಿನ ಮೇಲೇ ಕೂತು ಪೊರೆಯಾಗುತ್ತವೆ. ಈ ಪೊರೆ ಲಿಥಿಯಂ ಅಯಾನುಗಳನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನುಗಳನ್ನು ಹೊರಗೆ ಬಿಡುವುದಿಲ್ಲ. ಎಲೆಕ್ಟ್ರಾನ್ ಸಿಗದಿದ್ದರೆ ದ್ರಾವಕ ಒಡೆಯುವುದೂ ಇಲ್ಲ. 1979ರಲ್ಲಿ ಇಸ್ರೇಲಿನ ರಸಾಯನವಿಜ್ಞಾನಿ ಇಮ್ಯಾನುಯೆಲ್ ಪೆಲೆಡ್ ಇಂಥ ಪೊರೆಯನ್ನು ಸಾಲಿಡ್ ಎಲೆಕ್ಟ್ರೊಲೈಟ್ ಇಂಟರ್‌ಫೇಸ್ ಎಂದು ಕರೆದರು. ಈ ಕೆಲಸ ಮಾಡುವವರ ಬಾಯಲ್ಲಿ ಅದು ಎಸ್‌ಇಐ.

ಇದನ್ನು ಗಾಯದ ಮೇಲಿನ ಹಕ್ಕಳೆಗೆ ಹೋಲಿಸಬಹುದು. ಸೋರುವ ರಕ್ತವೇ ಹೆಪ್ಪುಗಟ್ಟಿ ಸೋರಿಕೆಯನ್ನು ಮುಚ್ಚುತ್ತದೆ. ಸೊಳ್ಳೆಪರದೆಯಂತೆಯೂ ಹೌದು, ಗಾಳಿ ಬರಬೇಕು, ಸೊಳ್ಳೆ ಬರಬಾರದು. ಆದರೆ ಪರದೆಯನ್ನು ಯಾರೋ ಹೊಲಿದು ತಂದು ಕಟ್ಟುತ್ತಾರೆ, ಇದು ಹಾಗಲ್ಲ. ಮೊದಲು ನುಗ್ಗಿದ ಸೊಳ್ಳೆಗಳೇ ಸತ್ತು ಅಂಟಿಕೊಂಡು ಪರದೆಯಾಗಿ ಮಿಕ್ಕವನ್ನು ತಡೆದಂತೆ. ಈ ಪರದೆಗೆ ಬೆಲೆಯನ್ನೂ ತೆರಬೇಕು: ಮೊದಲ ಚಾರ್ಜಿನಲ್ಲೇ ಕ್ಯಾಥೋಡಿನಿಂದ ಹೊರಟ ಲಿಥಿಯಂನಲ್ಲಿ ಶೇ. 5ರಿಂದ 10ರಷ್ಟು ಪೊರೆಯೊಳಗೆ ಸಿಕ್ಕಿ, ಮತ್ತೆಂದೂ ಕೆಲಸಕ್ಕೆ ಬರುವುದಿಲ್ಲ.

ಈ ಪೊರೆಯ ಮಹತ್ವ ತಿಳಿಯದೆ ಸಂಶೋಧಕರು ವರ್ಷಗಟ್ಟಲೆ ತಡಕಾಡಿದರು. 1980ರ ದಶಕದಲ್ಲಿ ಹೆಚ್ಚಿನವರು ಬಳಸುತ್ತಿದ್ದ ದ್ರಾವಕ ಪ್ರೊಪಿಲಿನ್ ಕಾರ್ಬೊನೇಟ್. ಅದು ಸೊನ್ನೆಗಿಂತ 49 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಇರುತ್ತದೆ, ಕೈಗೆ ಅನುಕೂಲ. ಆದರೆ ಅದರಲ್ಲಿ ಗ್ರಾಫೈಟ್ ಅದ್ದಿದರೆ, ದ್ರಾವಕದ ಅಣುಗಳು ಲಿಥಿಯಂ ಜೊತೆಗೇ ಪದರಗಳ ನಡುವೆ ನುಗ್ಗಿ, ಒದ್ದೆಯಾದ ಪುಸ್ತಕದ ಹಾಳೆಗಳಂತೆ ಗ್ರಾಫೈಟನ್ನು ಬಿಡಿಬಿಡಿಯಾಗಿ ಕೀಳುತ್ತಿದ್ದವು. ಗ್ರಾಫೈಟ್ ಬ್ಯಾಟರಿಗೆ ಆಗಿಬರುವುದಿಲ್ಲ ಎಂದು ಅನೇಕರು ಕೈಬಿಟ್ಟರು. 1985ರಲ್ಲಿ ಜಪಾನಿನ ವಿಜ್ಞಾನಿ ಅಕಿರಾ ಯೋಶಿನೊ ಬಳಸಿದ್ದು ಪದರಗಳು ಅಷ್ಟು ಅಚ್ಚುಕಟ್ಟಾಗಿರದ ಇಂಗಾಲವಾದ ಪೆಟ್ರೋಲಿಯಂ ಕೋಕ್. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮೊದಲ ಬ್ಯಾಟರಿಯಲ್ಲಿಯೂ ಕೋಕ್ ಇತ್ತು, ಗ್ರಾಫೈಟ್ ಇರಲಿಲ್ಲ. ಪ್ರೊಪಿಲಿನ್ ಕಾರ್ಬೊನೇಟಿನ ತಮ್ಮನಂಥ ಎಥಿಲಿನ್ ಕಾರ್ಬೊನೇಟ್‌ನಲ್ಲಿ ಮಾತ್ರ ಪೊರೆ ಗಟ್ಟಿಯಾಗಿ ಕಟ್ಟುತ್ತದೆಂದು 1990ರ ಹೊತ್ತಿಗೆ ಕೆನಡಾದ ವಿಜ್ಞಾನಿ ಜೆಫ್ ಡಾನ್ ಮತ್ತು ಜೊತೆಗಾರರು ತೋರಿಸಿಕೊಟ್ಟರು. ಎರಡರ ನಡುವಿನ ವ್ಯತ್ಯಾಸ ಒಂದು ಇಂಗಾಲ, ಎರಡು ಹೈಡ್ರೋಜನ್, ಅಷ್ಟೇ! ಎಥಿಲಿನ್ ಕಾರ್ಬೊನೇಟ್ 36 ಡಿಗ್ರಿಯವರೆಗೂ ಗಟ್ಟಿ ಪದಾರ್ಥವಾದ್ದರಿಂದ ಅದನ್ನು ಹೆಚ್ಚಿನವರು ಮುಟ್ಟಿರಲಿಲ್ಲ. ಇಂದು ಅದನ್ನು ಡೈಮೀಥೈಲ್ ಕಾರ್ಬೊನೇಟ್‌ನಂಥ ತೆಳು ದ್ರಾವಕದಲ್ಲಿ ಕರಗಿಸಿ ಬಳಸುತ್ತಾರೆ.

ಈಗ ಸಿಲಿಕಾನ್‌ಗೆ ಮರಳೋಣ. ಲಿಥಿಯಂ ಹೀರಿದ ಗ್ರಾಫೈಟ್ ಶೇ. 10ರಷ್ಟು ಊದಿಕೊಳ್ಳುತ್ತದೆ, ಪೊರೆ ಅದನ್ನು ಸಹಿಸುತ್ತದೆ. ಸಿಲಿಕಾನ್ ಊದಿ ಮೂರು-ನಾಲ್ಕು ಪಟ್ಟಾಗುತ್ತದೆ, ಡಿಸ್ಚಾರ್ಜ್ ಆದಾಗ ಮತ್ತೆ ಕುಗ್ಗುತ್ತದೆ. ಮಡಚುವ ಮೊಣಕಾಲಿನ ಮೇಲಿನ ಹಕ್ಕಳೆಯಂತೆ ಪೊರೆ ಪ್ರತಿ ಸಲವೂ ಬಿರಿಯುತ್ತದೆ. ಬಿರಿದಲ್ಲಿ ಹೊಸ ಮೈ ಕಾಣುತ್ತದೆ, ಹೊಸ ಪೊರೆ ಕಟ್ಟುತ್ತದೆ, ಇನ್ನಷ್ಟು ಲಿಥಿಯಂ ಖರ್ಚು, ಇನ್ನಷ್ಟು ಎಲೆಕ್ಟ್ರೊಲೈಟ್ ಖಾಲಿ. ಕಣಗಳನ್ನು ಸುಮಾರು 150 ನ್ಯಾನೊಮೀಟರಿಗಿಂತ ಚಿಕ್ಕದಾಗಿಸಿದರೆ ಸಿಲಿಕಾನ್ ಸೀಳುವುದಿಲ್ಲ. ಆದರೆ ಕಣ ಚಿಕ್ಕದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಾದಷ್ಟೂ ಪೊರೆ ಹೆಚ್ಚು.

ಈ ಸೋರಿಕೆ ಎಷ್ಟು ಸಣ್ಣದಿರಬೇಕು? ಹಾಕಿದ ಚಾರ್ಜಿನಲ್ಲಿ ಎಷ್ಟು ಪಾಲು ಮರಳಿ ಬಂತು ಎಂಬುದಕ್ಕೆ ಕೂಲಾಂಬಿಕ್ ದಕ್ಷತೆ ಎನ್ನುತ್ತಾರೆ. ಶೇ. 99.9 ಎಂದರೆ ಕೇಳಲು ಅದ್ಭುತ. 0.999ನ್ನು ಸಾವಿರ ಸಲ ಗುಣಿಸಿ ನೋಡಿ, 0.37 ಉಳಿಯುತ್ತದೆ. ಲಿಥಿಯಂ ಮಿತವಾಗಿರುವ ಸೆಲ್‌ನಲ್ಲಿ ಸಾವಿರ ಸಲ ಚಾರ್ಜ್ ಮಾಡುವ ಹೊತ್ತಿಗೆ ಮೂರನೇ ಎರಡು ಭಾಗ ಹೋಯಿತು ಎಂದರ್ಥ. ಸಾವಿರ ಸಲದ ಬಳಿಕವೂ ಶೇ. 80 ಉಳಿಯಬೇಕಾದರೆ ಶೇ. 99.978 ಬೇಕು. ಬ್ಯಾಟರಿಯ ಹಣೆಬರಹ ಇರುವುದು ದಶಮಾಂಶ ಬಿಂದುವಿನ ಬಲಕ್ಕೆ. ಸುದ್ದಿಯಲ್ಲಿ ಆ ಅಂಕಿಗಳೇ ಇರುವುದಿಲ್ಲ.

ಪ್ರಯೋಗಾಲಯದ ಸೆಲ್‌ನಲ್ಲಿ ಈ ಸೋರಿಕೆ ಕಾಣದಿರುವುದೂ ಉಂಟು. ಹೊಸ ವಸ್ತುವನ್ನು ಸಾಮಾನ್ಯವಾಗಿ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ನಾಣ್ಯದಂಥ ಸೆಲ್‌ನಲ್ಲಿ ಪರೀಕ್ಷಿಸುತ್ತಾರೆ. ಒಂದು ಬದಿಗೆ ಪರೀಕ್ಷೆಯ ವಸ್ತುವಿನ ತೆಳು ಲೇಪ, ಎದುರಿಗೆ ಲಿಥಿಯಂ ಲೋಹದ ಬಿಲ್ಲೆ, ನಡುವೆ ಧಾರಾಳವಾಗಿ ಹನಿಸಿದ ಎಲೆಕ್ಟ್ರೊಲೈಟ್. ಆ ಬಿಲ್ಲೆಯಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಲಿಥಿಯಂ ಇರುತ್ತದೆ. ಪೊರೆ ಎಷ್ಟು ತಿಂದರೂ ಬಿಲ್ಲೆ ಭರ್ತಿ ಮಾಡುತ್ತಲೇ ಇರುತ್ತದೆ. ಒಂದು ವಸ್ತುವಿನ ಗುಣವನ್ನಷ್ಟೇ ತಿಳಿಯಲು ಇದು ಸರಿಯಾದ ವಿಧಾನ, ಇದರಲ್ಲಿ ಮೋಸವಿಲ್ಲ. ಅದೇ ಅಂಕಿಯನ್ನು ಕಾರಿನ ಬ್ಯಾಟರಿಗೆ ಅಂಟಿಸುವುದು ತಪ್ಪು.

ಐದು ನಿಮಿಷದ ಚಾರ್ಜಿನಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. 2 ಮಿಲಿಆಂಪಿಯರ್-ಗಂಟೆಯ ನಾಣ್ಯದ ಸೆಲ್ಲನ್ನು ಐದು ನಿಮಿಷದಲ್ಲಿ ತುಂಬಲು 24 ಮಿಲಿಆಂಪಿಯರ್ ಸಾಕು, ಒಂದು ಪುಟ್ಟ ಎಲ್‌ಇಡಿ ಬೆಳಗುವಷ್ಟು ಕರೆಂಟ್. 5,000 ಮಿಲಿಆಂಪಿಯರ್-ಗಂಟೆಯ ಫೋನಿಗೆ ಸುಮಾರು 230 ವಾಟ್ ಬೇಕು. 60 ಕಿಲೋವಾಟ್-ಗಂಟೆಯ ಕಾರಿಗೆ 720 ಕಿಲೋವಾಟ್. ಅದರಲ್ಲಿ ಶೇ. 5 ಬಿಸಿಯಾಗಿ ಹೋದರೂ 36 ಕಿಲೋವಾಟ್ ಶಾಖವನ್ನು ಕಾರಿನ ತಳದಿಂದ ಹೊರಹಾಕಬೇಕು. ಇದರ ಜೊತೆಗೆ ಪೊರೆಯ ಬಾಗಿಲಿನ ನೂಕುನುಗ್ಗಲು. ಪ್ರತಿ ಲಿಥಿಯಂ ಅಯಾನು ತನ್ನನ್ನು ಸುತ್ತುವರಿದ ದ್ರಾವಕದ ಅಣುಗಳನ್ನು ಕಳಚಿ ಒಂಟಿಯಾಗಿ ಪೊರೆ ದಾಟಬೇಕು, ಅದಕ್ಕೆ ಸಮಯ ಬೇಕು. ಜೋರಾಗಿ ನೂಕಿದರೆ ಗ್ರಾಫೈಟಿನ ಆ 0.1 ವೋಲ್ಟ್ ಅಂತರ ಕರಗಿ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಲಿಥಿಯಂ ಒಳಹೋಗದೆ ಹೊರಗೇ ಲೋಹವಾಗಿ ಲೇಪಗೊಳ್ಳುತ್ತದೆ. ಅದರ ಮೇಲೂ ಪೊರೆ ಕಟ್ಟುತ್ತದೆ, ಒಂದಷ್ಟು ಲೋಹ ಸಂಪರ್ಕ ಕಳೆದುಕೊಂಡು ಸತ್ತುಹೋಗುತ್ತದೆ, ಕೆಟ್ಟ ಸಂದರ್ಭದಲ್ಲಿ ಅದು ಸೆಪರೇಟರನ್ನು ತೂರಿ ಒಳಗೇ ಶಾರ್ಟ್ ಮಾಡುತ್ತದೆ. ಚಳಿಯಲ್ಲಿ ಅಯಾನುಗಳ ಓಡಾಟ ಇನ್ನೂ ನಿಧಾನ. ಸಾಮಾನ್ಯ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎನ್ನುವುದು ಇದಕ್ಕೇ.

ಹೊಸ ಬ್ಯಾಟರಿಯ ಸುದ್ದಿ ಓದುವಾಗ ನಾನು ಹುಡುಕುವುದು ಮೊದಲಿಗೆ ಎದುರುಬದಿಯಲ್ಲಿ ಏನಿತ್ತು ಎಂಬುದನ್ನು: ಲಿಥಿಯಂ ಬಿಲ್ಲೆಯೋ, ನಿಜವಾದ ಕ್ಯಾಥೋಡೋ. ಆಮೇಲೆ ಲೇಪದ ದಪ್ಪ. ಕಾರಿನ ಸೆಲ್‌ನಲ್ಲಿ ಚದರ ಸೆಂಟಿಮೀಟರಿಗೆ 3 ಮಿಲಿಆಂಪಿಯರ್-ಗಂಟೆಯಾದರೂ ಇರುತ್ತದೆ, ಅರ್ಧಕ್ಕಿಂತ ಕಡಿಮೆಯಿದ್ದರೆ ವೇಗದ ಚಾರ್ಜಿನ ಮಾತಿಗೆ ತೂಕವಿಲ್ಲ. ಎಷ್ಟು ಸಲ ಚಾರ್ಜ್ ಮಾಡಿದರು, ಯಾವ ತಾಪಮಾನದಲ್ಲಿ ಎಂಬುದೂ ಮುಖ್ಯ. ನೂರು ಸಲಕ್ಕೆ ನಿಲ್ಲಿಸಿದ್ದರೆ ನೂರಾ ಒಂದನೆಯದು ಏಕಿಲ್ಲ ಎಂದು ಕೇಳಲೇಬೇಕು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಏನೂ ಮುಂದುವರಿದಿಲ್ಲ ಎಂದಲ್ಲ. 1991ರ ಸೆಲ್ ಕಿಲೋಗ್ರಾಂಗೆ ಸುಮಾರು 80 ವಾಟ್-ಗಂಟೆ ಹಿಡಿಯುತ್ತಿತ್ತು, ಇಂದಿನ ಒಳ್ಳೆಯ ಸೆಲ್‌ಗಳು 250ರಿಂದ 300 ಹಿಡಿಯುತ್ತವೆ. ವರ್ಷಕ್ಕೆ ಶೇ. 4ರಷ್ಟು ಏರಿಕೆ, ಅದು ಸುದ್ದಿಯಾಗುವುದಿಲ್ಲ. ಜಾನ್ ಗುಡ್‌ಇನಫ್ ತಂಡ 1997ರಲ್ಲಿ ಪ್ರಕಟಿಸಿದ ಲಿಥಿಯಂ ಐರನ್ ಫಾಸ್ಫೇಟ್ ಎಂಬ ಕ್ಯಾಥೋಡ್ ವಸ್ತು ವಿದ್ಯುತ್ತನ್ನು ಸರಿಯಾಗಿ ಹರಿಸುತ್ತಲೇ ಇರಲಿಲ್ಲ; ಕಣಗಳನ್ನು ಸಣ್ಣದಾಗಿಸಿ ಇಂಗಾಲದ ಲೇಪ ಕೊಟ್ಟು ಪಳಗಿಸಿದ ಮೇಲೆ ಇಂದು ಲಕ್ಷಾಂತರ ಕಾರುಗಳಲ್ಲಿ ಕೂತಿದೆ. ಸಿಲಿಕಾನ್ ಕೂಡ ಬಂದಿದೆ, ಗ್ರಾಫೈಟಿನ ಜೊತೆ ಸ್ವಲ್ಪ ಸ್ವಲ್ಪವಾಗಿ ಬೆರೆತು. ಎಲೆಕ್ಟ್ರೊಲೈಟಿಗೆ ಒಂದಿಷ್ಟು ಫ್ಲೋರೊಎಥಿಲಿನ್ ಕಾರ್ಬೊನೇಟ್ ಸೇರಿಸಿದರೆ ಪೊರೆ ಹೆಚ್ಚು ಬಾಗುವಂತಾಗುತ್ತದೆ.

ಕಾರ್ಖಾನೆಯಲ್ಲಿ ಜೋಡಣೆ ಮುಗಿದ ಸೆಲ್ ನೇರವಾಗಿ ಪೆಟ್ಟಿಗೆಗೆ ಹೋಗುವುದಿಲ್ಲ. ಅದಕ್ಕೆ ಮೊದಲ ಚಾರ್ಜನ್ನು ಹತ್ತು-ಇಪ್ಪತ್ತು ಗಂಟೆ ಹಿಡಿಯುವಷ್ಟು ನಿಧಾನವಾಗಿ ಕೊಡುತ್ತಾರೆ, ಅವಸರ ಮಾಡಿದರೆ ಪೊರೆ ಸಡಿಲವಾಗಿ, ಏರುಪೇರಾಗಿ ಕಟ್ಟುತ್ತದೆ. ಆಮೇಲೆ ಬೆಚ್ಚನೆಯ ಕೋಣೆಯ ಕಪಾಟುಗಳಲ್ಲಿ ದಿನಗಟ್ಟಲೆ, ಕೆಲವು ಕಡೆ ವಾರಗಟ್ಟಲೆ ಇಟ್ಟು, ವೋಲ್ಟೇಜ್ ತಾನಾಗಿ ಇಳಿಯುವ ಸೆಲ್‌ಗಳನ್ನು ತೆಗೆದುಹಾಕುತ್ತಾರೆ. ಹೊಸ ಫೋನನ್ನು ಮೊದಲ ದಿನ ಎಂಟು ಗಂಟೆ ಚಾರ್ಜಿಗೆ ಹಾಕಬೇಕು ಎಂಬ ಸಲಹೆಯನ್ನು ಇನ್ನೂ ಅನೇಕರು ಪಾಲಿಸುತ್ತಾರೆ. ಅದು ನಿಕಲ್ ಬ್ಯಾಟರಿಗಳ ಕಾಲದ್ದು. ಈ ಫೋನಿನ ಮೊದಲ ಚಾರ್ಜ್ ಪೆಟ್ಟಿಗೆ ತೆರೆಯುವ ಎಷ್ಟೋ ದಿನ ಮೊದಲೇ ಆಗಿಹೋಗಿದೆ, ಪೊರೆಯೂ ಕಟ್ಟಿ ಆಗಿದೆ.