ಓಟಿಪಿ ಬರಲೇ ಇಲ್ಲ, ಆದರೂ ಕಾರ್ಡಿನಿಂದ ದುಡ್ಡು ಹೋಗಿದ್ದು ಹೇಗೆ?

ಪ್ರಶ್ನೆ: ರಾತ್ರಿ ಮಲಗಿದ್ದಾಗ ನನ್ನ ಕ್ರೆಡಿಟ್ ಕಾರ್ಡಿನಲ್ಲಿ ಯಾರೋ ಖರೀದಿ ಮಾಡಿದ್ದಾರೆ. ಕಾರ್ಡ್ ನನ್ನ ಹತ್ತಿರವೇ ಇದೆ. ಓಟಿಪಿ ಬಂದಿಲ್ಲ, ಯಾರಿಗೂ ಕೊಟ್ಟಿಲ್ಲ. ಮನೆಯವರು ನಂಬುತ್ತಿಲ್ಲ. ಬ್ಯಾಂಕಿನವರು ದುಡ್ಡು ವಾಪಸ್ ಕೊಡುತ್ತಾರಾ?

ಈ ಪ್ರಶ್ನೆ ಬರದ ವಾರವೇ ಇಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಗ ತಿಳಿಸಿದ್ದರೆ ಬಹಳಷ್ಟು ಸಲ ಬರುತ್ತದೆ. ಆಮೇಲೆ ಇದನ್ನು ದಯವಿಟ್ಟು ಮನೆಯವರಿಗೂ ಓದಲು ಕೊಡಿ. "ಓಟಿಪಿ ಇಲ್ಲದೆ ದುಡ್ಡು ಹೋಗೋಕೆ ಸಾಧ್ಯವೇ ಇಲ್ಲ, ನೀನೇ ಯಾರಿಗೋ ಹೇಳಿರಬೇಕು" ಅನ್ನುವ ಮಾತಿದೆಯಲ್ಲ, ಅದನ್ನು ಎಷ್ಟು ಸಲ ಕಿತ್ತು ಹಾಕಿದರೂ ಮತ್ತೆ ಚಿಗುರುತ್ತದೆ. ದುಡ್ಡು ಕಳೆದುಕೊಂಡವರು ಆ ಮಾತಿಗೆ ಹೆದರಿ ಸುಮ್ನೆ ಕೂತುಬಿಡುತ್ತಾರೆ. ನನಗೆ ಸಂಕಟವಾಗುವುದು ಅದಕ್ಕೇ.

ಓಟಿಪಿಯ ಬೀಗ ಇರುವುದು ಅಂಗಡಿಯವನ ಬಾಗಿಲಿಗೆ, ನಿಮ್ಮ ಕಾರ್ಡಿಗಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಬಳಸುವ ಈ ವ್ಯವಸ್ಥೆಯ ಹೆಸರು ತ್ರೀ-ಡಿ ಸೆಕ್ಯೂರ್. ಕೆಲವು ದೇಶಗಳಲ್ಲಿ ಇಂಥ ಎರಡನೇ ತಪಾಸಣೆ ಕಡ್ಡಾಯ. ಬೇರೆ ಕಡೆ ವ್ಯಾಪಾರಿ ಬೇಕಾದರೆ ಬಳಸುತ್ತಾನೆ, ಬೇಡವಾದರೆ ಬಿಡುತ್ತಾನೆ. ಇನ್ನೊಂದು ಹೆಜ್ಜೆ ಜಾಸ್ತಿಯಾದರೆ ಗಿರಾಕಿ ಕೊಳ್ಳದೆ ಹೋಗಿಬಿಟ್ಟಾನು ಅನ್ನುವುದು ಅವನ ಲೆಕ್ಕ. ಅಂಥ ವೆಬ್‌ಸೈಟಿಗೆ ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಕಾರ್ಡಿನ ಹಿಂಬದಿಯಲ್ಲಿರುವ ಮೂರಂಕಿಯ ಸಿವಿವಿ ಸಾಕು. ಕೆಲವಕ್ಕೆ ಸಿವಿವಿಯೂ ಬೇಡ.

ನಂಬರ್ ಸಿಕ್ಕಿದ್ದು ಎಲ್ಲಿಂದ? ನೀವು ಯಾವತ್ತೋ ಖರೀದಿ ಮಾಡಿದ ಕಡೆಯಿಂದ ಸೋರಿರಬಹುದು. ಅಥವಾ ಯಾರೂ ಕದ್ದೇ ಇಲ್ಲ, ಊಹಿಸಿದ್ದಾರೆ! ಹೌದು, ಊಹಿಸಬಹುದು. ಮೊದಲ ಆರೋ ಎಂಟೋ ಅಂಕಿಗಳು ಯಾವ ಬ್ಯಾಂಕು, ಯಾವ ಬಗೆಯ ಕಾರ್ಡು ಅಂತ ಹೇಳುತ್ತವೆ, ಅವು ಗುಟ್ಟಲ್ಲ. ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬರುವಂಥದ್ದು. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸೂತ್ರ ಅದು. ನಂಬರ್ ಬರೆಯುವಾಗ ಕೈತಪ್ಪಿದರೆ ಗೊತ್ತಾಗಲಿ ಅಂತ ಮಾಡಿದ್ದು, ಕಳ್ಳರನ್ನು ತಡೆಯುವುದು ಅದರ ಕೆಲಸವೇ ಅಲ್ಲ. ಮಧ್ಯದ ಅಂಕಿಗಳನ್ನು ಕಂಪ್ಯೂಟರ್ ಒಂದಾದ ಮೇಲೊಂದು ಹಾಕಿ ನೋಡುತ್ತದೆ. ಸರಿಹೋಯಿತೋ ಇಲ್ಲವೋ ಅಂತ ಮೊದಲು ಚಿಲ್ಲರೆ ಮೊತ್ತ ಎಳೆಯುತ್ತಾರೆ, ದೊಡ್ಡದು ಆಮೇಲೆ. ಚಿಲ್ಲರೆ ಹೋಗಿದೆ ಅಂತ ಮೆಸೇಜ್ ಬಂದ ತಕ್ಷಣ ಕಾರ್ಡ್ ಬ್ಲಾಕ್ ಮಾಡಿ.

ಈಗ ಯಾರೂ ಹೇಳದ ಮಾತು. ವ್ಯಾಪಾರಿ ತ್ರೀ-ಡಿ ಸೆಕ್ಯೂರ್ ಬಳಸದೆ ಮಾರಿದ್ದರೆ, ಕಾರ್ಡ್ ಕಂಪನಿಗಳ ನಿಯಮದ ಪ್ರಕಾರ ಮೋಸದ ನಷ್ಟ ಸಾಮಾನ್ಯವಾಗಿ ಅವನ ತಲೆಗೇ ಬರುತ್ತದೆ. ಬಳಸಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನ ತಲೆಗೆ. ಅಂದರೆ ಓಟಿಪಿ ಕೇಳದೆ ಹೋದ ದುಡ್ಡನ್ನು ವ್ಯಾಪಾರಿಯಿಂದ ವಾಪಸ್ ತರಿಸುವುದು ಬ್ಯಾಂಕಿಗೆ ಹೆಚ್ಚು ಸುಲಭ. ಜನ ಯಾವುದನ್ನು ನಿಮ್ಮ ಸುಳ್ಳು ಅಂದುಕೊಂಡಿದ್ದಾರೋ ಅದೇ ನಿಮ್ಮ ಗಟ್ಟಿ ಸಾಕ್ಷಿ.

ಹೋದ ವರ್ಷ ಒಬ್ಬರು ತಮ್ಮ ಕರೆಯ ರೆಕಾರ್ಡಿಂಗ್ ಕೇಳಿಸಿದರು. ಬ್ಯಾಂಕಿನ ಹುಡುಗ "ಮೇಡಂ, ಓಟಿಪಿ ಶೇರ್ ಮಾಡಿರ್ತೀರಿ, ನೆನಪು ಮಾಡ್ಕೊಳ್ಳಿ" ಅಂತ ಮೂರು ಸಲ ಹೇಳಿದ. ಮೂರನೇ ಸಲಕ್ಕೆ ಇವರು "ಇರಬಹುದೇನೋ" ಅಂದುಬಿಟ್ಟರು. ಅವರ ಮೊಬೈಲ್ ತೆಗೆದು ನೋಡಿದೆ. ಬೆಳಗಿನ ಜಾವ 2:47ಕ್ಕೆ ಖರೀದಿ ಆಯಿತು ಅನ್ನುವ ಒಂದೇ ಮೆಸೇಜ್. ಅದರ ಹಿಂದೆ ಮುಂದೆ ಓಟಿಪಿಯ ಸುಳಿವಿಲ್ಲ. ಆದರೆ ಆ "ಇರಬಹುದೇನೋ" ದೂರಿನಲ್ಲಿ ಬರೆದಾಗಿತ್ತು. ಅದನ್ನು ತಿದ್ದಿಸಲು ಎರಡು ತಿಂಗಳು ಓಡಾಡಬೇಕಾಯಿತು.

ಆದ್ದರಿಂದ ಊಹೆಗೆ ತಲೆಯಾಡಿಸಬೇಡಿ. ಈ ವಹಿವಾಟಿಗೆ ತ್ರೀ-ಡಿ ಸೆಕ್ಯೂರ್ ದೃಢೀಕರಣ ಆಗಿತ್ತಾ, ಇಸಿಐ ಸಂಕೇತ ಏನು ಅಂತ ಬರಹದಲ್ಲಿ ಕೇಳಿ. ಅದು ಬ್ಯಾಂಕಿನ ದಾಖಲೆಯಲ್ಲಿ ಇರುವ ಎರಡಂಕಿ. ವೀಸಾದಲ್ಲಿ 07 ಅಂದರೆ ದೃಢೀಕರಣ ಆಗಿಲ್ಲ, 05 ಅಂದರೆ ಆಗಿದೆ. 05 ಇದ್ದರೂ ಓಟಿಪಿ ಕೇಳಿಯೇ ಇರಬೇಕು ಅಂತಿಲ್ಲ. ಹೊಸ ವ್ಯವಸ್ಥೆ ಕೆಲವು ಸಲ ಏನೂ ಕೇಳದೆ ಹಿಂದಿನಿಂದಲೇ ದಾಟಿಸಿಬಿಡುತ್ತದೆ. ಓಟಿಪಿ ಕಳಿಸಿದ್ದರೆ ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಅಂತಲೂ ಕೇಳಿ.

ಇನ್ನೊಂದು. ಕಾರ್ಡ್ ಬ್ಲಾಕ್ ಮಾಡಿಸುವುದೇ ಬೇರೆ, ವಹಿವಾಟನ್ನು ನಾನು ಒಪ್ಪುವುದಿಲ್ಲ ಅಂತ ದೂರು ಕೊಡುವುದೇ ಬೇರೆ. ಎರಡೂ ಆಗಬೇಕು, ದೂರಿನ ನಂಬರ್ ಕೈಯಲ್ಲಿರಬೇಕು. ಬಿಲ್ಲಿನಲ್ಲಿ ನಿಮ್ಮದೇ ಖರ್ಚು ಎಷ್ಟಿದೆಯೋ ಅಷ್ಟನ್ನು ತಪ್ಪದೆ ಕಟ್ಟಿ, ತಕರಾರಿನ ಮೊತ್ತ ತಡೆಹಿಡಿಯಲು ಬರೆದುಕೊಡಿ. ಹೊಣೆಯ ಮಿತಿ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕಾಯ್ದೆಯಲ್ಲಿ ಗ್ರಾಹಕನ ಹೊಣೆ 50 ಡಾಲರ್ ದಾಟುವುದಿಲ್ಲ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ, ತಪ್ಪು ಗ್ರಾಹಕನದೂ ಅಲ್ಲ ಬ್ಯಾಂಕಿನದೂ ಅಲ್ಲ ಅನ್ನುವಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ಸೊನ್ನೆ ಅಂದಿತು. ಎಲ್ಲಿದ್ದರೂ ತಡಮಾಡಿದಷ್ಟೂ ನಿಮಗೇ ಕಷ್ಟ. ದೂರು ಕೊಟ್ಟ ಮೇಲೆ ಬ್ಯಾಂಕು ಹಾಕುವ ಮೊತ್ತ ಮೊದಲಿಗೆ ತಾತ್ಕಾಲಿಕ. ವ್ಯಾಪಾರಿ ತಕರಾರು ತೆಗೆದು ಗೆದ್ದರೆ ಬ್ಯಾಂಕು ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಆದ್ದರಿಂದ ತನಿಖೆ ಮುಗಿಯಿತು ಅನ್ನುವ ಪತ್ರ ಬರುವವರೆಗೆ ಕಾಗದ ಎಸೆಯಬೇಡಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಮುಂದಿನ ಪತ್ರ ಇದರ ಬಗ್ಗೆಯೇ ಬರುತ್ತದೆ. ಹೊಸ ನಂಬರಿನ ಕಾರ್ಡ್ ಬಂದ ಮೇಲೂ ಹಳೆಯ ಚಂದಾದ ಹಣ ಕಟ್ ಆಗಬಹುದು. ಅದು ಕಳ್ಳತನವೇ ಆಗಿರಬೇಕಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಕಾರ್ಡ್ ಬದಲಾದರೆ ಹೊಸ ನಂಬರನ್ನು ಚಂದಾ ಕಂಪನಿಗೆ ತಾವೇ ಮುಟ್ಟಿಸುವ ಸೇವೆ ಇದೆ. ಸಿನಿಮಾ ಚಂದಾ ನಿಲ್ಲದಿರಲಿ ಅಂತ ಮಾಡಿದ ಅನುಕೂಲ ಅದು, ಆದರೆ ಕಳ್ಳ ನಿಮ್ಮ ಕಾರ್ಡ್ ಹಾಕಿ ಯಾವುದೋ ಚಂದಾ ಶುರು ಮಾಡಿದ್ದರೆ ಅದೂ ಹೊಸ ಕಾರ್ಡಿಗೆ ದಾಟಿಬಿಡಬಹುದು. ಹೊಸ ಕಾರ್ಡ್ ಕೇಳುವಾಗಲೇ "ಹಳೆಯದರ ಮೇಲಿನ ಯಾವ ಚಂದಾವನ್ನೂ ಇದಕ್ಕೆ ದಾಟಿಸಬೇಡಿ" ಅಂತ ದೂರಿನ ನಂಬರಿನ ಜೊತೆಗೇ ಬರೆದುಕೊಡಿ.